ನಾಲ್ಕು ಬೆರಳು ಗಿಡ್ಡ ಬಾಗಿಲು

ಅಗ್ನಿಶಾಮಕ ಠಾಣೆಗೆ ಹಾಕಿದ ಹೊಸ ಬಾಗಿಲು ಗಾಡಿಗಿಂತ ನಾಲ್ಕು ಬೆರಳು ಗಿಡ್ಡವಾಗಿತ್ತು. ಈ ಸಂಗತಿ ನಗರಸಭೆಯ ಕಿರಿಯ ಗುಮಾಸ್ತನಿಗೆ ಗೊತ್ತಾದದ್ದು ಬೆಳಿಗ್ಗೆ ಹತ್ತೂಕಾಲಿಗೆ. ಹನ್ನೊಂದಕ್ಕೆ ದೊಡ್ಡ ಸಾಹೇಬರು ಬಂದು, ಗಾಡಿ ಹೊರಗೆ ಬರುವುದನ್ನು ಕಣ್ಣಾರೆ ನೋಡಿ, ಅವನ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವವರಿದ್ದರು. ಗಾಡಿ ಬಾರದಿದ್ದರೆ ಎರಡು ವರ್ಷದ ಹಂಗಾಮಿ ನೌಕರಿಯೂ ಹೋದಂತೆ.

ಹಳೆಯ ಬಾಗಿಲು ತುಕ್ಕು ತಿಂದು ಜರಡಿಯಾಗಿದ್ದರೂ ಪಕ್ಕಕ್ಕೆ ತೆರೆದುಕೊಳ್ಳುತ್ತಿತ್ತು. ಅದರ ಚೌಕಟ್ಟನ್ನು ಅವನು ಮೂರು ಸಲ ಅಳೆದು ಬರೆದುಕೊಂಡಿದ್ದ. ಹೊಸದು ಮೇಲಕ್ಕೆ ಸುತ್ತಿಕೊಳ್ಳುವ ಶಟರ್. ಆ ಸುರುಳಿಗೂ ಒಂದಿಷ್ಟು ಜಾಗ ಬೇಕು ಎಂಬುದೊಂದೇ ಹೊಳೆದಿರಲಿಲ್ಲ. ಗಾಡಿಯನ್ನು ಒಳಗೇ ಬಿಟ್ಟು ಕೆಲಸದವರು ಶಟರ್ ಕೂರಿಸಿ ಹೋಗಿದ್ದರು. ಈಗ ಸುರುಳಿಯು ತೂಕಡಿಸುವವನ ತುಟಿಯ ಹಾಗೆ ಬಾಗಿಲಲ್ಲಿ ಜೋತುಬಿದ್ದಿತ್ತು.

"ಚಕ್ರದ ಗಾಳಿ ಬಿಡೋಣ್ವಾ ಅಣ್ಣ?" ಎಂದ ಗುಮಾಸ್ತ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಬಿಡೋಣ. ಎಲ್ಲಾದ್ರೂ ಬೆಂಕಿ ಬಿದ್ರೆ ನೀವು ಬಾಯಲ್ಲಿ ಊದ್ತೀರಾ?" ಎಂದ ಗಾಡಿಯ ಚಾಲಕ.

ಗಲಾಟೆ ಕೇಳಿ ಎದುರಂಗಡಿಯ ದರ್ಜಿ ಸೂಜಿ ಕಚ್ಚಿಕೊಂಡೇ ಬಂದ. ಹಿಂದೆಯೇ ಕ್ಷೌರದಂಗಡಿಯವನು, ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ.

"ನೆಲ ಅಗೀರಿ," ಎಂದ ದರ್ಜಿ.

"ಅಗೆಯೋಕೆ ಪುರುಸೊತ್ತೆಲ್ಲಿದೆ? ಭಾರ ಹೇರಿ. ನಮ್ಮತ್ತೆ ಹತ್ತಿದ್ರೆ ಎಂಥ ಕಾರೂ ನೆಲ ಮುಟ್ಟುತ್ತೆ," ಎಂದ ಕ್ಷೌರಿಕ.

"ಹಾಗಾದ್ರೆ ಕರೀರಿ ಅವರನ್ನ!" ಗುಮಾಸ್ತನ ಧ್ವನಿ ಆ ದಿನ ಮೊದಲ ಸಲ ಏರಿತು.

ಅತ್ತೆ ಬಂದರು. "ಯಾವ ಕಡೆ ಕೂರ್ಲಿ ತಮ್ಮಾ?"

"ನಡುವೆ ಅಮ್ಮಾ, ನಡುವೆ!"

ಹತ್ತು ಐವತ್ತೈದಕ್ಕೆ ಎಲ್ಲರೂ ಹತ್ತಿದ್ದರು. ಗಾಡಿ ನರಳಿ ಕುಸಿಯಿತು. ಗುಮಾಸ್ತ ಎದುರಿಗೆ ನಿಂತು, ಹಿಂದೆ ಹಿಂದೆ ಹೆಜ್ಜೆಯಿಡುತ್ತ, "ಬನ್ನಿ... ಬನ್ನಿ..." ಎಂದು ಕರೆಯುತ್ತಿದ್ದ. ಮೇಲೆ ಸುರುಳಿ ಕೀಂಯ್ ಎಂದಿತು. ಗಾಡಿಯ ಬಾಲ ಹೊರಬಿದ್ದ ಕ್ಷಣಕ್ಕೆ ಸರಿಯಾಗಿ ಸಾಹೇಬರ ಕಾರು ಬಂದು ನಿಂತಿತು.

"ಯಾರ್ರೀ ಇವರೆಲ್ಲ?"

ಗುಮಾಸ್ತ ಚಾಲಕನ ಕಡೆ ನೋಡಿದ. ಚಾಲಕನೇ ಬಾಯಿ ಹಾಕಿದ. "ಜನರನ್ನ ಕಾಪಾಡೋ ಕವಾಯತು ಸಾರ್."

ಸಾಹೇಬರು ಅರ್ಧ ಗಡ್ಡದವನನ್ನು ಮರುಕದಿಂದ ನೋಡಿದರು. "ಪಾಪ, ಎಂಥ ಹೊತ್ತಲ್ಲಿ ಎತ್ಕೊಂಡು ಬಂದಿದ್ದೀರ! ಭೇಷ್." ಜೇಬಿನಿಂದ ಪೆನ್ನು ತೆಗೆದರು. ಗುಮಾಸ್ತ ಕಾಗದ ಬಿಡಿಸಿ ಹಿಡಿದ. ಪೆನ್ನು ಕಾಗದದ ಹತ್ತಿರ ಬಂದು ನಿಂತಿತು.

"ನಿಮ್ಮ ಅಳತೆ ನಂಬಿ ಉಳಿದ ಐದು ಠಾಣೆಗೂ ಇದೇ ಶಟರ್ ಹಾಕಿಸಿಬಿಟ್ಟೆ ಕಣ್ರೀ. ಇವತ್ತು ಬೆಳಿಗ್ಗೇನೇ ಕೂರಿಸಿದ್ದಾರೆ. ಸಂಜೆಯೊಳಗೆ ಅಲ್ಲೂ ಗಾಡಿ ಹೊರಗೆ ತಂದು ತೋರಿಸಿ. ಆರೂ ಮುಗಿದ ಮೇಲೆ ಒಟ್ಟಿಗೇ ಸಹಿ ಹಾಕ್ತೀನಿ."

ಪೆನ್ನು ಜೇಬು ಸೇರಿತು.

ಗುಮಾಸ್ತ ಗಾಡಿಯ ಕಡೆ ತಿರುಗಿದ. ಅತ್ತೆ ಇಳಿಯಲೆಂದು ಆಗಲೇ ಒಂದು ಕಾಲು ಕೆಳಗೆ ಬಿಟ್ಟಿದ್ದರು.

"ಅಮ್ಮಾ, ಹಾಗೇ ಕೂತಿರಿ," ಎಂದ. "ಇನ್ನೂ ಐದು ಠಾಣೆ ಇದೆ."