ಚಿನ್ನಪ್ಪನನ್ನು ಮನೆಗೆ ಕರೆದದ್ದು

ಕಾಗದದ ಕೊನೆಗೆ "ಬಿಡುವಾದಾಗ ಮನೆಗೆ ಬನ್ನಿ" ಎಂದು ಬರೆಯುವುದು ನನಗೆ ಅಂಟಿಕೊಂಡ ಹಳೆಯ ಚಟ. ಯಾರೂ ಬರುವುದಿಲ್ಲವೆಂದು ಕರೆದವನಿಗೂ ಗೊತ್ತಿರುತ್ತದೆ, ಕರೆಸಿಕೊಂಡವನಿಗೂ ಗೊತ್ತಿರುತ್ತದೆ. ಆ ಧೈರ್ಯದ ಮೇಲೆಯೇ ನಮ್ಮ ಆತಿಥ್ಯವೆಲ್ಲ ನಿಂತಿರುವುದು. ವಿಮೆ ಏಜೆಂಟರಿಗೆ ಬರೆದಿದ್ದೇನೆ, ಮಾತು ಬಿಟ್ಟ ಷಡ್ಡಕನಿಗೂ ಬರೆದಿದ್ದೇನೆ. ಅದೇ ಗುಂಗಿನಲ್ಲಿ ಒಂದು ದಿನ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಚಿನ್ನಪ್ಪನಿಗೂ ಬರೆದುಬಿಟ್ಟೆ.

ಬಂಗಾರಪೇಟೆಯಲ್ಲಿ ಮೇಷ್ಟರಾಗಿದ್ದು ನಿವೃತ್ತನಾದ ಮೇಲೆ ನನ್ನ ಮಾತು ಕೇಳಲು ಉಳಿದವಳು ಹೆಂಡತಿ ಸರೋಜ ಒಬ್ಬಳೇ. ಅವಳೂ ಮಿಕ್ಸಿ ಹಾಕಿಕೊಂಡೇ ಕೇಳುತ್ತಾಳೆ. ಜೈಲಿನಲ್ಲಿ ಅಕ್ಷರ ಕಲಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ಓದೋದು ಕಲಿತಿದ್ದಾನೆ, ಆದರೆ ಅವನಿಗೆ ಕಾಗದ ಬರೆಯೋರೇ ಇಲ್ಲ" ಎಂದು ಚಿನ್ನಪ್ಪನ ವಿಳಾಸ ಕೊಟ್ಟರು. ಬರೆದೆ. ಅಂಥ ಓದುಗ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನನ್ನ ಮಂಡಿನೋವಿನ ವರ್ಣನೆಗೆ "ಮೇಷ್ಟ್ರೇ, ಓದ್ಸಲ ಬಲಗಾಲು ಅಂದಿದ್ರಿ, ಈಗ ಎಡಗಾಲು ಅಂತೀರಲ್ಲ, ಯಾವುದಕ್ಕೆ ಎಣ್ಣೆ ಅಚ್ತೀರ?" ಎಂದು ಉತ್ತರ ಬಂತು. ಮಾತನಾಡಿದ ಹಾಗೆಯೇ ಬರೆಯುತ್ತಿದ್ದ. ಸ್ವಂತ ಮಕ್ಕಳೂ ಕೇಳದ ಪ್ರಶ್ನೆ. ಯಾರನ್ನು ಕೊಂದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸ್ನೇಹವೆಂದರೆ ಇದೇ ಎಂದುಕೊಂಡೆ.

ಊರಿಗಾಂನಲ್ಲಿ, ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಯಲ್ಲಿ ಇದ್ದೇವೆ ಎಂದು ಬರೆದ ಮೇಲೆ ಕಾಗದಗಳ ಧಾಟಿ ಬದಲಾಯಿತು. "ಇಂಬಾಗ್ಲು ತಲೆಗೆ ಒಡೀತೈತೆ, ಬಗ್ಗಿ ಓಗಿ" ಎಂದು ಬರೆದ. ಹಿಂಬಾಗಿಲು ಗಿಡ್ಡ ಎಂದು ನಾನು ತಿಳಿಸಿರಲೇ ಇಲ್ಲ. "ಗೂಡಿನಾಗೆ ಲೋಟಗಳು ತಾವಾಗೇ ಸದ್ದು ಮಾಡ್ತವಾ? ಅವು ಅಲ್ಲಾಡಿದ್ರೆ ಕೆಳಗೆ ಗಣಿಯಾಗೆ ಸತ್ತೋರು ನೀರು ಕೇಳ್ತಾವ್ರೆ ಅಂತ ನಮ್ಮಮ್ಮ ಒಂದು ಲೋಟ ನೀರು ಮಡಗ್ತಿದ್ಲು" ಎಂದು ಇನ್ನೊಂದರಲ್ಲಿ. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ನೆಲದ ಆಳದಲ್ಲಿ ಬಂಡೆ ಕುಸಿದಾಗ ನಮ್ಮ ಪಾತ್ರೆಗಳು ಅಲ್ಲಾಡುವುದುಂಟು. ಆ ಕಾಗದ ಓದಿ ಮಡಿಸುವಷ್ಟರಲ್ಲಿ ಲೋಟಗಳು ಸಣ್ಣಗೆ ಗಣಗಣ ಎಂದವು. ಸರೋಜ ನನ್ನನ್ನು ನೋಡಿದಳು. ಭೂಗರ್ಭಶಾಸ್ತ್ರದ ಬಗ್ಗೆ ಎರಡು ಮಾತು ಹೇಳಹೊರಟೆ, ಅವಳು ಮಿಕ್ಸಿ ಹಾಕಿದಳು.

ಅವನು ಹುಟ್ಟಿ ಬೆಳೆದದ್ದೂ ಲೈನ್ ಮನೆಯಲ್ಲೇ ಎಂದು ಮುಂದಿನ ಕಾಗದದಲ್ಲಿ ತಿಳಿದಾಗ ಸಮಾಧಾನವಾಯಿತು. ಕಂಪನಿಯವರು ಎಲ್ಲ ಮನೆಗಳನ್ನೂ ಒಂದೇ ಅಚ್ಚಿನಲ್ಲಿ ಕಟ್ಟಿದ್ದಾರೆ. ನಾನೇ ಕತ್ತಲಾದ ಮೇಲೆ ಪಕ್ಕದ ಮನೆಗೆ ನುಗ್ಗಿ ಚಪ್ಪಲಿ ಬಿಟ್ಟವನು. ಆದರೆ ಅದೇ ಕಾಗದದ ಕೊನೆಗೆ, "ಒಲೆ ಮುಂದಿನ ಚಪ್ಪಡಿ ತುಳಿದ್ರೆ ಇನ್ನೂ ಕುಲುಕ್ತದಾ?" ಎಂದಿತ್ತು. ಕುಲುಕುತ್ತದೆ. ಸಕ್ಕರೆ ಕೇಳುವ ನೆಪದಲ್ಲಿ ಅಕ್ಕಪಕ್ಕದ ಮನೆಗಳಿಗೆ ಹೋಗಿ ಅವರ ಚಪ್ಪಡಿ ತುಳಿದು ನೋಡಿದೆ. ಎಡಗಡೆಯ ಮನೆಯದು ಕುಲುಕಲಿಲ್ಲ, ಬಲಗಡೆಯದೂ ಕುಲುಕಲಿಲ್ಲ. ಮನೆಯಲ್ಲಿ ಸಕ್ಕರೆ ಮಾತ್ರ ಹೆಚ್ಚಾಯಿತು.

ಆಮೇಲೆ ಬಂದ ಕಾಗದ ಚಿಕ್ಕದು. ಸನ್ನಡತೆಗೆ ಬಿಡುಗಡೆ ಮಾಡಿದ್ದಾರಂತೆ. "ಇಷ್ಟು ವರ್ಷದಾಗೆ ಮನೆಗೆ ಬಾ ಅಂದೋರು ನೀವೊಬ್ರೇ. ಸೋಮ್ವಾರ ಬತ್ತೀನಿ."

ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಇರುವ ಒಬ್ಬ ಸ್ನೇಹಿತನಿಗೆ ಬಾಗಿಲು ತೆರೆಯುವುದೋ ಬೇಡವೋ ಎಂದು ಲೆಕ್ಕ ಹಾಕುವ ಸ್ಥಿತಿಗೆ ಬಂದಿದ್ದೆ. "ಬೇಲೂರಿಗೆ ಹೋಗಿದೀವಿ ಅಂತ ಬೀಗ ಹಾಕ್ಕೊಂಡು ಒಳಗೇ ಇದ್ದುಬಿಡೋಣವೇ?" ಎಂದೆ. ಸರೋಜ, "ಕರೆದೋರು ನೀವು. ನಾನು ಕಾಫಿ ಮಾಡ್ತೀನಿ, ಬಾಗಿಲು ನೀವೇ ತೆಗೀರಿ" ಎಂದಳು.

ಸೋಮವಾರ ಮಧ್ಯಾಹ್ನ ರೈಲಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಲ್ಲಿ ನೆರಳು ಬಿತ್ತು. ಬಡಿಯುತ್ತಾನೆಂದು ಕಾದೆ. ಬಡಿಯಲಿಲ್ಲ. ಕೆಮ್ಮಲೂ ಇಲ್ಲ. ನೆರಳು ಮಾತ್ರ ಕದಲದೆ ನಿಂತಿತ್ತು. ನಾನು ಒಳಗೆ ಉಸಿರು ಹಿಡಿದು ನಿಂತೆ. ಕಾಫಿ ಆರಿತು. ಕೊನೆಗೆ ಸರೋಜ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದಳು. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ.

ನರೆತ, ಸಣಕಲು ಮನುಷ್ಯ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. "ತಳ್ಳಿದ್ರೆ ಆಗಿತ್ತಲ್ಲಪ್ಪ" ಎಂದಳು ಸರೋಜ.

"ಬಾಗ್ಲು ನಾವೇ ತೆಗ್ಯೋದು ಮರ್ತೇ ಓಗೈತೆ ಅಕ್ಕಾ. ಯಾರಾನ ತೆಗೀತಾರೆ ಅಂತ ನಿಂತಿದ್ದೆ."

ಒಳಗೆ ಬಂದವನು ಯಾರೂ ತೋರಿಸದೆ ಅಡುಗೆಮನೆಗೆ ನಡೆದ. ಒಲೆಯ ಮುಂದೆ ಬಂದಾಗ ಆ ಚಪ್ಪಡಿಯನ್ನು ತುಳಿಯದೆ ಬಳಸಿಕೊಂಡು ಹೋಗಿ ಮೂಲೆಯಲ್ಲಿ ಕುಳಿತ.

"ಯಾಕಪ್ಪ, ಕಲ್ಲು ತುಳೀಲಿಲ್ಲ?" ಎಂದಳು ಸರೋಜ.

"ನಮ್ಮಣ್ಣ ಇಂತಾ ಕಲ್ಲಿನ ಮೇಲೇ ಬಿದ್ದಿದ್ದು ಅಕ್ಕಾ. ಕುಡಿದಿದ್ವಿ ಇಬ್ರೂ. ನಾನೇ ಒಡೆದಿದ್ದು."

"ಇಂಥ ಕಲ್ಲೋ, ಇದೇ ಕಲ್ಲೋ?" ಎಂದೆ ನಾನು.

ಚಿನ್ನಪ್ಪ ಸೂರು ನೋಡಿದ, ಗೂಡು ನೋಡಿದ. "ಎಲ್ಲಾ ಮನೇನೂ ಒಂದೇ ತರ ಕಟ್ಟವ್ರೆ ಮೇಷ್ಟ್ರೇ" ಎಂದ.

ಆಗ ಲೋಟಗಳು ಸದ್ದು ಮಾಡಿದವು. ಅವನು ಎದ್ದು, ಒಂದನ್ನು ತೆಗೆದು ನೀರು ತುಂಬಿ, ಆ ಚಪ್ಪಡಿಯ ಮೇಲೆ ಇಟ್ಟು ಕಣ್ಣೊರೆಸಿಕೊಂಡ. ನನಗೂ ಅಳು ಬಂತು. ಅವನ ಕೈ ಹಿಡಿದುಕೊಂಡೆ. ಕಾಗದದಲ್ಲಿ ಇಷ್ಟು ವರ್ಷ ಹಿಡಿದಿದ್ದ ಕೈ, ತಣ್ಣಗಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತ. ಬಂಗಾರಪೇಟೆಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಇರುತ್ತೇನೆ ಎಂದ. ಚಟ ಬಿಡುತ್ತದೆಯೇ, "ಬಿಡುವಾದಾಗ ಮನೆಗೆ ಬಾ ಚಿನ್ನಪ್ಪ" ಎಂದುಬಿಟ್ಟೆ.

ಅವನು ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, "ಇರ್ಲಿ ಮೇಷ್ಟ್ರೇ, ನೀವೇ ಇದ್ಕೊಳ್ಳಿ" ಎಂದು ಹೊರಟುಹೋದ.

ಈಗ ನಾನೂ ಸರೋಜಳೂ ಆ ಚಪ್ಪಡಿಯನ್ನು ಬಳಸಿಕೊಂಡೇ ಓಡಾಡುತ್ತೇವೆ. ಲೋಟಗಳು ಅಲ್ಲಾಡಿದರೆ ನೀರಿಡುವವನು ನಾನೇ, ಭೂಗರ್ಭಶಾಸ್ತ್ರ ಗೊತ್ತಿದ್ದೂ. ಚಿನ್ನಪ್ಪನಿಗೆ ಈಗಲೂ ಕಾಗದ ಬರೆಯುತ್ತೇನೆ. ಕೊನೆಗೆ ಮನೆಗೆ ಬಾ ಎಂದು ಮಾತ್ರ ಬರೆಯುವುದಿಲ್ಲ. ಸೂರು ಸೋರುತ್ತಿಲ್ಲ, ಸುಣ್ಣ ಹೊಡೆಸಿದ್ದೇನೆ, ಹಿಂಬಾಗಿಲಿಗೆ ಗೆದ್ದಲು ಹಿಡಿದಿಲ್ಲ ಎಂದು ಒಳ್ಳೆಯ ಬಾಡಿಗೆದಾರನ ಹಾಗೆ ವರದಿ ಒಪ್ಪಿಸಿ ಸಹಿ ಹಾಕುತ್ತೇನೆ.