ದೊಡ್ಡ ಡಿಸ್ಕು, ಚಿಕ್ಕ ಡಿಸ್ಕು, ನನ್ನ ಕತ್ತರಿ

ದೊಡ್ಡದನ್ನು ಚಿಕ್ಕದು ಮಾಡುವುದು ನನ್ನ ಕಸುಬು. ಅಣ್ಣನ ಷರಟನ್ನು ತಮ್ಮನಿಗೆ, ಅಮ್ಮನ ಕೋಟನ್ನು ಮಗಳಿಗೆ ಹೊಂದಿಸಿ ಹೊಲಿದು ಬೆರಳು ಸವೆದಿದೆ. ಹಾಗಿರುವಾಗ ಕಂಪ್ಯೂಟರ್ ಏನು ಮಹಾ? ದೊಡ್ಡ ಡಿಸ್ಕಿನಲ್ಲಿರುವುದನ್ನು ಚಿಕ್ಕ ಡಿಸ್ಕಿಗೆ ಇಳಿಸಬೇಕು, ಅಷ್ಟೇ ತಾನೆ. ನಾನೇ ಮಾಡಿ ಮುಗಿಸುತ್ತೇನೆ ಎಂದು ಪಣ ತೊಟ್ಟೆ. ಓದಿದ್ದು ಕಡಿಮೆ. ಧೈರ್ಯಕ್ಕೆ ಓದು ಬೇಕಿಲ್ಲ.

ಕಂಪ್ಯೂಟರ್ ನಮ್ಮ ಯಜಮಾನರದು. ಅವರು ಹೋದರು, ಅದು ಉಳಿಯಿತು. ಅದರೊಳಗೆ ಅವರ ಹಾಡುಗಳಿವೆ. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಮೈಕು ಹಿಡಿದು, ತಾವೇ ಹಾಡಿ ತುಂಬಿಸಿಟ್ಟದ್ದು. ರಾಗ ಒಂದು ದಿಕ್ಕು, ತಾಳ ಇನ್ನೊಂದು ದಿಕ್ಕು, ಎರಡನ್ನೂ ಹುಡುಕುತ್ತಾ ಅವರು ಮತ್ತೊಂದು ದಿಕ್ಕು. ಆದರೂ ಅವರ ದನಿ ಇರುವುದು ಅಲ್ಲಿ ಮಾತ್ರ. ಫೋಟೋ ಬೇಕಾದಷ್ಟಿವೆ. ಫೋಟೋ ಮಾತಾಡುವುದಿಲ್ಲ.

ರಿಪೇರಿಯವನು ಪೆಟ್ಟಿಗೆ ಬಿಚ್ಚಿ ನೋಡಿದ. ಒಳಗಿನ ಡಿಸ್ಕಿಗೆ ವಯಸ್ಸಾಗಿದೆ, ಇವತ್ತೋ ನಾಳೆಯೋ ಎನ್ನುವ ಹಾಗಿದೆ ಎಂದ. ಆ ಮಾತನ್ನು ಡಾಕ್ಟರ ಬಾಯಲ್ಲಿ ಒಮ್ಮೆ ಕೇಳಿದ್ದೇ ನನಗೆ ಸಾಕಾಗಿತ್ತು. ಅಲ್ಲೇ ಹೊಸ ಡಿಸ್ಕು ಕೊಂಡೆ, ಹಳೆಯದರ ಅರ್ಧದಷ್ಟು ಹಿಡಿಯುವಂಥದ್ದು. ಹಳೆಯದರಲ್ಲಿ ಕಾಲು ಭಾಗವೂ ತುಂಬಿಲ್ಲ ಎಂದು ಅವನೇ ಹೇಳಿದ್ದ. ಸಣ್ಣ ಮೈಗೆ ದೊಡ್ಡ ಅಂಗಿ ಯಾಕೆ?

ನಾದಿನಿ ಇದ್ದಾಳೆ, ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಜೊತೆ ಜಗಳ ಕಾಯುವವಳು. ಮೊದಲು ಹಳೆ ಡಿಸ್ಕಿನ ಇಮೇಜ್ ತೆಗೆದಿಡಬೇಕು ಎಂದು ಫೋನಿನಲ್ಲಿ ಹೇಳಿದಳು. ಅಷ್ಟಕ್ಕೆ ಅವಳು ಬರುವವರೆಗೂ ಕಾಯಬೇಕೇ? ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿದೆ. ಕಿಟಕಿಯ ಬೆಳಕಿಗೆ ತಿರುಗಿಸಿದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಹೊಡೆದು ಕಳಿಸಿದೆ. ಮದುವೆಯ ಹೆಣ್ಣೂ ಫೋಟೋದಲ್ಲಿ ಅಷ್ಟು ಲಕ್ಷಣವಾಗಿ ಬರುವುದಿಲ್ಲ.

ತಕ್ಷಣ ಫೋನ್ ಬಂತು.

"ಅತ್ತಿಗೆ, ಏನಿದು?"

"ಇಮೇಜ್. ನೀನೇ ಕೇಳಿದ್ಯಲ್ಲ."

"ಹೊರಗಿಂದಲ್ಲ ಅತ್ತಿಗೆ, ಒಳಗಿಂದು."

"ಹಾಗಾದ್ರೆ ಎಕ್ಸ್‌ರೇ ಅನ್ಬೇಕು. ಬಿಡಿಸಿ ಹೇಳೋಕೇನು?"

ಸಂಜೆ ಬಂದು ಬಿಡಿಸಿ ಹೇಳಿದಳು. ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿ ಹೇಗಿದೆಯೋ ಹಾಗೇ ಅಚ್ಚೊತ್ತಿ, ಒಂದೇ ಗಂಟು ಕಟ್ಟಿ ಇಟ್ಟರೆ ಅದು ಇಮೇಜ್ ಅಂತೆ. ಗಂಟು ಎಂದಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು. ತನ್ನದೇ ಒಂದು ದೊಡ್ಡ ಡಿಸ್ಕು ತಂದಿದ್ದಳು, ಗಂಟನ್ನು ಅದರಲ್ಲಿಟ್ಟಳು. ಆಮೇಲೆ ಹೊಸ ಡಿಸ್ಕಿಗೆ ಇಳಿಸಲು ಹೋದರೆ ಕಂಪ್ಯೂಟರ್ ಜಾಗ ಸಾಲದು ಎಂದು ಮೊಂಡು ಹಿಡಿಯಿತು. ಕಾಲು ಭಾಗ ಸಾಮಾನಿಗೆ ಅರ್ಧ ಜಾಗ ಸಾಲದೇ?

ಇಮೇಜ್ ಖಾಲಿ ಜಾಗವನ್ನೂ ಸೇರಿಸಿಯೇ ಅಳತೆ ಹಿಡಿಯುತ್ತದೆ ಎಂದಳು ನಾದಿನಿ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮಂಚದಲ್ಲೂ ಈಗ ಖಾಲಿಗೇ ಹೆಚ್ಚು ಜಾಗ.

ನಾಳೆ ಬಂದು ಸರಿಮಾಡುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದು ಹಳೆ ಡಿಸ್ಕನ್ನೇ ಮತ್ತೆ ಜೋಡಿಸಿ ಹೋದಳು. ಮುಟ್ಟಬೇಡಿ ಎಂದರೆ ನನ್ನ ಕೈ ಕೇಳುತ್ತದೆಯೇ?

ಮರುದಿನ ಹೊಲಿಗೆ ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ದೊಡ್ಡದಾದರೆ ಕತ್ತರಿಸಬೇಕು, ಅದು ನಮ್ಮ ಶಾಸ್ತ್ರ. ಯಜಮಾನರು ಎಲ್ಲದಕ್ಕೂ ಕನ್ನಡದಲ್ಲೇ ಹೆಸರಿಟ್ಟಿದ್ದರು, ಓದುವುದು ಸುಲಭವಾಯಿತು. "ಹಾಡು" ಎಂದು ಒಂದು ಫೋಲ್ಡರ್ ಇತ್ತು. ಅದನ್ನು ದೇವರಂತೆ ಉಳಿಸಿದೆ. "ಕಸ" ಎಂದು ಇನ್ನೊಂದಿತ್ತು. ಮನೆಯಲ್ಲಿ ಕಸ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಬುಟ್ಟಿಗೆ ಹಾಕಿದೆ, ಬುಟ್ಟಿಯನ್ನೂ ಖಾಲಿ ಮಾಡಿದೆ. ಇಂಜಿನಿಯರೇ ಆಗಿಬಿಟ್ಟೆ ಅನಿಸಿತು.

ಸಂಜೆ ನಾದಿನಿ "ಹಾಡು" ತೆರೆದಳು. ಒಂದೊಂದಾಗಿ ಕೇಳಿಸಿದಳು. ಎಲ್ಲವೂ ಸಿನಿಮಾ ಹಾಡು. ಸುಶ್ರಾವ್ಯವಾಗಿತ್ತು. ಅಂದರೆ ಯಜಮಾನರದಲ್ಲ.

"ಅಣ್ಣ ಹಾಡಿದ್ದು ಎಲ್ಲಿ, ಅತ್ತಿಗೆ?"

"ಅದರಲ್ಲೇ ಇರ್ಬೇಕಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಅಣ್ಣನ ಹಾಡಿಗೆ ನೀವು ಏನಂತಿದ್ರಿ?"

"ಕಸ ಅಂತಿದ್ದೆ."

ಹೇಳಿದ ಮೇಲೆ ತಿಳಿಯಿತು. ನಿಂತಿದ್ದವಳು ಕೂತೆ. ಗಂಡನನ್ನು ಎರಡನೆಯ ಸಲ ಕಳೆದುಕೊಂಡವಳು ಊರಿಗೆ ನಾನೊಬ್ಬಳೇ ಇರಬೇಕು. ಅದೂ ನನ್ನ ಕೈಯಾರೆ.

ನಾದಿನಿ ಬೈಯಲಿಲ್ಲ. ಇಮೇಜ್ ತೆಗೆದದ್ದು ನಿಮ್ಮ ಕೈಗೆ ಕತ್ತರಿ ಬರುವ ಮುಂಚೆ, ಕಸ ಅದರೊಳಗೆ ಭದ್ರವಾಗಿದೆ ಎಂದಳು. ಮೊದಲು ಆ ಗಂಟನ್ನು ಹಳೆ ಡಿಸ್ಕಿಗೇ ವಾಪಸು ಬಿಚ್ಚಿದಳು. ಅದು ಮುದುಕರು ಮೆಟ್ಟಿಲು ಹತ್ತುವ ಹಾಗೆ ಏದುಸಿರು ಬಿಡುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ತಡಕೋ ಎಂದು ನಾನು ಪೆಟ್ಟಿಗೆಯ ಬೆನ್ನು ಸವರುತ್ತಾ ಕೂತೆ. ಅದು ತಡೆದುಕೊಂಡಿತು.

ಆಮೇಲೆ ಕೆಲವು ಗುಂಡಿ ಒತ್ತಿ ಅದರ ಖಾಲಿ ಜಾಗವನ್ನು ಕುಗ್ಗಿಸಿದಳು. ಮತ್ತೆ ಇಮೇಜ್ ತೆಗೆದಳು, ಹೊಸದಕ್ಕೆ ಇಳಿಸಿದಳು. ಹೇಳಿ ಮಾಡಿಸಿದ ಹಾಗೆ ಹಿಡಿಯಿತು.

"ನೋಡಿ ಅತ್ತಿಗೆ, ಕತ್ತರಿಸೋದಲ್ಲ ಇದು. ಪಕ್ಕದ ಹೊಲಿಗೆ ಒಳಗೆ ತಗೊಳ್ಳೋದು."

ನನ್ನ ಕಸುಬನ್ನು ನನಗೇ ಕಲಿಸಿದಳು.

"ಕಸ" ತೆರೆದಳು. ಅವರ ದನಿ. ಗಂಟಲು ಸರಿಮಾಡಿಕೊಂಡರು, ಹಾಡು ಎತ್ತಿದರು. ನನ್ನ ಕಣ್ಣು ತುಂಬಿತು. ಪಲ್ಲವಿ ಮುಗಿದಿರಲಿಲ್ಲ, ಬಾಗಿಲಾಚೆಯಿಂದ ಒಂದು ಹೆಂಗಸಿನ ಗಂಟಲು: "ಒಲೆ ಮೇಲೆ ಹಾಲು ಉಕ್ತಿದೆ, ಅಲ್ಲಿ ಯಾರನ್ನ ಕರೀತಿದೀರಿ?" ಅವರು ಹಾಡು ನಿಲ್ಲಿಸದೆ, ಅದೇ ಕೆಟ್ಟ ರಾಗದಲ್ಲಿ "ಬಂದೆ, ಬಂದೆ" ಎಂದು ಎಳೆದು, ಚರಣಕ್ಕೆ ಹೋಗಿದ್ದರು. ಎರಡನೆಯ ಹಾಡಿನಲ್ಲೂ ಅದೇ ಗಂಟಲು. ಮೂರನೆಯದರಲ್ಲಿ ಹಾಡಿಗಿಂತ ಅದೇ ಹೆಚ್ಚು. ಎಲ್ಲದಕ್ಕೂ ಅವರದು ಒಂದೇ ಉತ್ತರ, "ಬಂದೆ, ಬಂದೆ."

ನಡುವಿನ ಬೈಗುಳ ತೆಗೆದು ಹಾಡು ಮಾತ್ರ ಉಳಿಸಲಾ ಎಂದು ನಾದಿನಿ ಕೇಳಿದಳು.

"ಬೇಡ," ಎಂದೆ. "ಆಮೇಲೆ ಬಂದೆ ಬಂದೆ ಅಂದಿದ್ದು ಯಾರಿಗೆ ಅಂತ ತಿಳಿಯಲ್ಲ."

"ಆದ್ರೂ ಒಂದು ಮಾತು ಅತ್ತಿಗೆ. ಇದು ಅಣ್ಣನ ಹಾಡಲ್ಲ. ಇದು ನಿಮ್ಮ ಕಛೇರಿ. ಅಣ್ಣ ಹಿಂದೆ ಕೂತು ಶ್ರುತಿ ಹಿಡಿದಿದಾನೆ, ಅಷ್ಟೆ."

ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಾಲ್ಕನೆಯ ಹಾಡು ಶುರುವಾಯಿತು. ಅವರ ಹಾಡಿಗೆ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು.