ಗಡ್ಡ ಬಿಟ್ಟವರ ಊರನ್ನು ಕ್ಯಾಪ್ಟನ್ ಬಿಟ್ಟಾಗ

ಮದುವೆಯಾದ ಹೊಸತರಲ್ಲಿ ನನ್ನ ಗಂಡ ರೈನೋಗೆ ಗದ್ದವಿತ್ತು. ಇದಕ್ಕೆ ಫೋಟೋ ಸಾಕ್ಷಿಯಿದೆ. ಆಮೇಲೆ ಎರಡು ವರ್ಷ ಅದನ್ನು ಯಾರೂ ಕಂಡಿಲ್ಲ. ಅದಿರಬೇಕಾದ ಜಾಗದಲ್ಲಿ ಎದೆಯವರೆಗೂ ಒಂದು ಕಾಡು ಬೆಳೆದಿತ್ತು. ಆ ಕಾಡಿನಲ್ಲಿ ನನಗೆ ಸಿಕ್ಕ ವಸ್ತುಗಳ ಪಟ್ಟಿ ನನ್ನ ದಿನಚರಿಯಲ್ಲಿದೆ: ಮೇಪಲ್ ಪಾಕ (ಪ್ರತಿ ಭಾನುವಾರ), ಬಟಾಣಿ ಎರಡು, ಮೀನಿನ ಗಾಳ ಒಂದು, ಮಗುವಿನ ಕಾಲುಚೀಲ ಒಂದು (ಇನ್ನೊಂದು ಇಂದಿಗೂ ಸಿಕ್ಕಿಲ್ಲ).

ಇದಕ್ಕೆಲ್ಲ ಕಾರಣ ಡಂಕನ್ ಟಲ್ಲಕ್. ನಮ್ಮೂರಿನ ಐಸ್ ಹಾಕಿ ತಂಡ 'ಲೂನ್ಸ್'ಗೆ ಹನ್ನೊಂದು ವರ್ಷದಿಂದ ಕ್ಯಾಪ್ಟನ್. ಋತುವಿನ ಕೊನೆಗೆ ಕಪ್‌ಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳು ಶುರುವಾದೊಡನೆ ಗಂಡಸರು ಕ್ಷೌರ ನಿಲ್ಲಿಸುವುದು, ತಂಡ ಸೋತ ಮರುದಿನ ಬೋಳಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಲೂನ್ಸ್ ಮೊದಲ ವಾರದಲ್ಲೇ ತಪ್ಪದೆ ಸೋಲುತ್ತಿದ್ದುದರಿಂದ ಹೆಂಡತಿಯರಿಗೆ ಅಂಥ ತೊಂದರೆ ಇರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಟಲ್ಲಕ್ ಟೀವಿ ಕ್ಯಾಮೆರಾದ ಮುಂದೆ ನಿಂತು, "ಕಪ್ ಎತ್ತೋವರೆಗೂ ಈ ಗಡ್ಡ ಮುಟ್ಟಲ್ಲ" ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟ. ಮರುದಿನದಿಂದ ಊರಿನ ಅಷ್ಟೂ ಗಂಡಸರು ಭೀಷ್ಮರಾದರು. ಸರೋವರದ ಕಡೆಯಿಂದ ಜೋರಾಗಿ ಗಾಳಿ ಬೀಸಿದರೆ ನಮ್ಮ ಬೀದಿಯ ಗಡ್ಡಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತಿದ್ದವು.

ನಮ್ಮ ಐಲಿ ಹುಟ್ಟಿದ್ದು ಆ ಗಡ್ಡಯುಗದಲ್ಲಿ. ಈಗ ಅವಳಿಗೆ ಹನ್ನೊಂದು ತಿಂಗಳು. ನನ್ನ ಹೆರಿಗೆ ರಜೆ ಮುಗಿದು, ಜುಲೈ ಮೊದಲ ಸೋಮವಾರ ನಾನು ದಂತವೈದ್ಯರ ಕ್ಲಿನಿಕ್ಕಿನ ಕೆಲಸಕ್ಕೆ ಮರಳಬೇಕಿತ್ತು. ಮಗುವನ್ನು ನೋಡಿಕೊಳ್ಳಲು ರೈನೋ ರೈಲ್ವೆ ಯಾರ್ಡಿನಿಂದ ರಜೆ ಪಡೆದಿದ್ದ. ನನ್ನ ಮಗಳನ್ನು ನಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತೇನೆ. ಆದರೂ ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ, ಕುರ್ಚಿಯ ಮೇಲೆ ಕೂತು, ಎರಡೂ ಕೈ ನನ್ನವೇ ಆಗಿರುವಂತೆ ಕುಡಿಯುವ ಆ ಸೋಮವಾರಕ್ಕಾಗಿ ದಿನ ಎಣಿಸುತ್ತಿದ್ದೆ. ಐಲಿ ಮಧ್ಯಾಹ್ನ ಅಪ್ಪನ ಎದೆಯ ಮೇಲೆ ಎರಡು ಗಂಟೆ ಗಡದ್ದಾಗಿ ಮಲಗುತ್ತಿದ್ದುದರಿಂದ ಚಿಂತೆಯಿರಲಿಲ್ಲ. 'ತಂದೆಯ ಎದೆಬಡಿತದ ಲಯಕ್ಕೆ ಮಗು ಮಲಗುತ್ತದೆ' ಎಂದು ದಿನಚರಿಯಲ್ಲಿ ಸಂಶೋಧನೆ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಬಂತಲ್ಲ ಜುಲೈ ಒಂದು. ದೇಶಕ್ಕೆ ಅದು ಹುಟ್ಟುಹಬ್ಬ. ಹಾಕಿ ನೋಡುವವರಿಗೆ ಎದೆ ಢವಗುಟ್ಟುವ ದಿನ. ಒಪ್ಪಂದ ಮುಗಿದ ಆಟಗಾರರು ಅಂದು ಮಧ್ಯಾಹ್ನ ಹನ್ನೆರಡಕ್ಕೆ ಇಷ್ಟಬಂದ ತಂಡ ಸೇರಬಹುದು. ಹಿತ್ತಲಲ್ಲಿ ರೈನೋ ಸಾಸೇಜು ಸುಡುತ್ತಿದ್ದ. ಪಕ್ಕದ ಮನೆಯ ಓರೆಸ್ಟ್ ತಾತ ಬೇಲಿಗೆ ಒರಗಿ ರೇಡಿಯೊ ಹಿಡಿದಿದ್ದರು. ಹನ್ನೆರಡು ಹೊಡೆದು ನಾಲ್ಕು ನಿಮಿಷಕ್ಕೆ ಸುದ್ದಿ ಬಂತು: ಟಲ್ಲಕ್ ಫ್ಲೋರಿಡಾ ತಂಡಕ್ಕೆ!

"ಫ್ಲೋರಿಡಾ!" ರೈನೋನ ಕೈಯಿಂದ ಇಕ್ಕಳ ಬಿತ್ತು. "ಶರಬತ್ತಲ್ಲಿ ಬಿಟ್ರೆ ಬೇರೆಲ್ಲೂ ಐಸ್ ನೋಡದ ಊರಿಗೆ!"

"ನನ್ನ ಹೆಂಡ್ತಿ ಸತ್ತಾಗ್ಲೂ ಹಿಂಗಾಗಿರ್ಲಿಲ್ಲ ಕಣಯ್ಯಾ," ಎಂದು ಓರೆಸ್ಟ್ ತಾತ ಬೇಲಿ ಹಿಡಿದುಕೊಂಡೇ ಕುಸಿದರು.

ನನಗೋ, ಒಳಗೊಳಗೇ ಬ್ಯಾಂಡು ಬಾರಿಸಿದಂತಾಯಿತು. ಪ್ರತಿಜ್ಞೆ ಮಾಡಿದವನೇ ಪರಾರಿಯಾದ ಮೇಲೆ ಗಡ್ಡ ಯಾಕೆ? ಅಷ್ಟರಲ್ಲಿ ರೈನೋ ಒಳಗೆ ಹೋಗಿ ಟಲ್ಲಕ್ ಹೆಸರಿನ ಜೆರ್ಸಿ ತಂದು ಒಲೆಯ ಮೇಲೆ ಹಾಕಲು ಹೊರಟ.

"ನಿಲ್ಲೋ ಮಾರಾಯ! ಸಾಸೇಜೆಲ್ಲ ನೈಲಾನ್ ವಾಸನೆ ಹೊಡೆಯುತ್ತೆ," ಎಂದೆ. "ಬಟ್ಟೆ ಸುಟ್ಟರೆ ಅವನಿಗೇನು? ಆ ಗಡ್ಡ ಅವನ ಹೆಸರಲ್ಲಿ ಬಿಟ್ಟಿದ್ದು ತಾನೆ? ಅವನಿಗೇ ವಾಪಸ್ ಕಳಿಸು. ಬಾಗಿಲು ತೆಗೆದ ಕೂಡ್ಲೇ ಕಾಲ ಬುಡಕ್ಕೆ ಎರಡು ವರ್ಷದ ನಂಬಿಕೆ ಬೀಳ್ಲಿ."

ರೈನೋ ನನ್ನನ್ನೇ ನೋಡಿದ. ಕಣ್ಣಲ್ಲಿ ನೀರು. "ತಾರ್ಯಾ, ನಿಂಗೂ ಇಷ್ಟು ನೋವಾಗಿದೆ ಅಂತ ಗೊತ್ತೇ ಇರ್ಲಿಲ್ಲ ಕಣೆ."

ನಾನು ತಲೆ ತಗ್ಗಿಸಿದೆ (ನಗು ಕಾಣಬಾರದಲ್ಲ).

ಅರ್ಧ ಗಂಟೆಯಲ್ಲಿ ನಮ್ಮ ಹಿತ್ತಲು ಕ್ಷೌರದಂಗಡಿಯಾಯಿತು. ಯಾರೋ ನಾಯಿಯ ತುಪ್ಪಳ ಕತ್ತರಿಸುವ ಯಂತ್ರ ತಂದರು. ಸುದ್ದಿ ಹಬ್ಬಿ ಬೀದಿಯ ಗಂಡಸರೆಲ್ಲ ಸಾಲುಗಟ್ಟಿದರು. ನಾನೇ ಕ್ಷೌರ ಮಾಡಿದೆ. ಹದಿನಾಲ್ಕು ಗಡ್ಡ! ಹೆಂಡತಿಯರು ನನ್ನ ಕೈ ಕುಲುಕಿದರು. ಒಬ್ಬಳಂತೂ ಗಂಡನ ಕೆನ್ನೆ ಸವರಿ ನಾಚಿಕೊಂಡಳು. ಎಲ್ಲವನ್ನೂ ಖಾಲಿ ಡೈಪರ್ ಡಬ್ಬಕ್ಕೆ ತುಂಬಿ, ನಾನು ಅಚ್ಚುಕಟ್ಟಿನ ಹೆಂಗಸಾದ್ದರಿಂದ ಮೂಲೆಯಲ್ಲಿ ನಮ್ಮ ಮನೆ ವಿಳಾಸವನ್ನೂ ಬರೆದೆ. ಸಂಜೆ ಗಂಡಸರು ಮೆರವಣಿಗೆಯಲ್ಲಿ ಹೋಗಿ ಟಲ್ಲಕ್‌ನ ಮನೆ ಮೆಟ್ಟಿಲ ಮೇಲೆ ಇಟ್ಟು ಬಂದರು.

ರೈನೋನ ಗಡ್ಡದ ಕೆಳಗಿನಿಂದ ಹೊರಬಂದ ಗದ್ದ ಥೇಟ್ ನಮ್ಮತ್ತೆಯದೇ. ಅದನ್ನೂ ಸಹಿಸಿಕೊಂಡೆ.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಐಲಿಯನ್ನು ಅಪ್ಪನ ಎದೆಯ ಮೇಲೆ ಮಲಗಿಸಿದೆ. ಅವಳು ಅಭ್ಯಾಸದಂತೆ ಕೈ ಮೇಲೆತ್ತಿ ಹುಡುಕಿದಳು. ಸಿಗಲಿಲ್ಲ. ಎಡಕ್ಕೆ ಹುಡುಕಿದಳು, ಬಲಕ್ಕೆ ಹುಡುಕಿದಳು. ತಲೆಯೆತ್ತಿ ಆ ನುಣ್ಣನೆ ಗದ್ದವನ್ನು ನೋಡಿದವಳೇ ಕಿಟಾರನೆ ಕಿರುಚಿಕೊಂಡಳು. ನಾನು ಗೆರೆ ಎಳೆದು ಬರೆದಿದ್ದ ಸಂಶೋಧನೆ ಅಲ್ಲೇ ಮಣ್ಣುಪಾಲಾಯಿತು. ಮಗುವನ್ನು ಮಲಗಿಸುತ್ತಿದ್ದುದು ಎದೆಬಡಿತವಲ್ಲ, ಗಡ್ಡ!

"ಐಲಿ, ಅಪ್ಪ ಕಣೆ ನಾನು!" ರೈನೋ ಗೋಗರೆದ. ಅವಳು ನನ್ನ ಕತ್ತು ತಬ್ಬಿಕೊಂಡು, ಕಳ್ಳ ಹೊಕ್ಕನೆಂಬಂತೆ ಅವನತ್ತ ಬೆರಳು ತೋರಿಸಿದಳು.

ನಾವೇನು ಸುಮ್ಮನೆ ಕೂರಲಿಲ್ಲ. ಉಣ್ಣೆಯ ಮಫ್ಲರ್ ಕಟ್ಟಿದೆವು. ಕ್ರಿಸ್ಮಸ್ ತಾತನ ಹತ್ತಿಗಡ್ಡ ಹಾಕಿದೆವು. ಅಲಂಕಾರದ ಆ ತಾತನನ್ನು ಕಂಡು ಮಗು ಮೊದಲಿಗಿಂತ ಗಟ್ಟಿಯಾಗಿ ಅತ್ತಿತು. ಬಾಡಿಗೆಗಾದರೂ ಒಂದು ಗಡ್ಡ ತರೋಣವೆಂದು ಮಗುವನ್ನೆತ್ತಿಕೊಂಡು ಬೀದಿಗಿಳಿದರೆ, ಎಲ್ಲಿದೆ? ನಮ್ಮ ಬೀದಿಯದನ್ನೆಲ್ಲ ನಾನೇ ಬೋಳಿಸಿದ್ದೆ; ನಮ್ಮವರನ್ನು ನೋಡಿ ಊರಿನ ಉಳಿದವರೂ ಬೋಳಿಸಿಕೊಂಡಿದ್ದರು. ನಿನ್ನೆ ಕೈ ಕುಲುಕಿದ ಹೆಂಡತಿಯರಲ್ಲಿ ಮೂವರು ಅರಚುವ ಮಕ್ಕಳನ್ನೆತ್ತಿಕೊಂಡು ಎದುರಾದರು. ಒಬ್ಬಳೂ ನನ್ನ ಮುಖ ನೋಡಲಿಲ್ಲ.

"ಸೋಮವಾರ ಏನೇ ಮಾಡೋದು?" ಎಂದ ರೈನೋ.

"ಇನ್ನೆರಡು ದಿನದಲ್ಲಿ ಬೆಳೆಸು!"

"ಅದೇನು ಹುಲ್ಲಾ, ನೀರು ಹಾಕಿ ಬೆಳೆಸೋಕೆ?"

ಶನಿವಾರ ಹನ್ನೆರಡೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಅಳುವ ಐಲಿಯನ್ನು ಸೊಂಟದ ಮೇಲಿಟ್ಟುಕೊಂಡು ತೆರೆದೆ. ಮೆಟ್ಟಿಲ ಮೇಲೆ ನಮ್ಮ ಡೈಪರ್ ಡಬ್ಬ ಹಿಡಿದು ಡಂಕನ್ ಟಲ್ಲಕ್ ನಿಂತಿದ್ದ. ಆರೂವರೆ ಅಡಿ ಎತ್ತರ, ಮುಂದಿನ ಮೂರು ಹಲ್ಲಿಲ್ಲ, ಹೊಟ್ಟೆಯವರೆಗೆ ನರೆತ ಗಡ್ಡ.

"ಮೇಡಂ, ತೊಂದ್ರೆ ಕೊಟ್ಟೆ. ಇದರಲ್ಲಿ ಯಾರದೋ ಕಿವಿ ಯಂತ್ರ ಸೇರ್ಕೊಂಡಿತ್ತು. ಪಾಪ, ವಯಸ್ಸಾದವರದಿರ್ಬೇಕು. ಡಬ್ಬದ ಮೇಲೆ ನಿಮ್ಮ ವಿಳಾಸ ಇತ್ತು..."

ಅವನ ಮಾತು ಮುಗಿಯಲಿಲ್ಲ. ಐಲಿ ಅಳು ನಿಲ್ಲಿಸಿ ನನ್ನ ಸೊಂಟದಿಂದ ಅವನ ಮೇಲೆ ಹಾರಿದಳು. ಎರಡೂ ಮುಷ್ಟಿ ತುಂಬ ಗಡ್ಡ ಹಿಡಿದು, ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಕಣ್ಣು ಮುಚ್ಚಿದಳು. ನಾನು ಆ ಮಹಾನುಭಾವನ ತೋಳು ಹಿಡಿದು ಸೋಫಾದ ಮೇಲೆ ಕೂರಿಸಿ, "ಅಲ್ಲಾಡಬೇಡಿ" ಎಂದೆ.

ಕ್ಯಾಪ್ಟನ್ ಬಂದಿದ್ದಾನೆಂಬ ಸುದ್ದಿ ತಿಳಿದು ಐದು ನಿಮಿಷದಲ್ಲಿ ಬೋಳುಗದ್ದದ ಪಡೆ ನಮ್ಮ ಹಜಾರಕ್ಕೆ ನುಗ್ಗಿತು. ನಾನು ಅಡ್ಡ ನಿಂತೆ. "ಮಗು ಮಲಗಿದೆ. ಬೈಯೋದಾದ್ರೆ ಮೆತ್ತಗೆ ಬೈಯಿರಿ."

ರೈನೋ ತುದಿಗಾಲಲ್ಲಿ ಹೋಗಿ ಕ್ಯಾಪ್ಟನ್‌ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ, "ದ್ರೋಹಿ."

"ಏನಂದ್ರಿ?" ಅವನೂ ಪಿಸುಗುಟ್ಟಿದ.

"ದ್ರೋಹಿ ಅಂದೆ."

"ಓ. ಸರಿ."

"ಇವನ್ಯಾಕೆ ಇಲ್ಲಿ ಬಂದಿದ್ದಾನೆ?" ಯಂತ್ರವಿಲ್ಲದ ಓರೆಸ್ಟ್ ತಾತ ಗಂಟಲು ಹರಿಯುವಂತೆ ಕೂಗಿದರು. ಹದಿಮೂರು ಜನ ಒಟ್ಟಿಗೆ "ಶ್‌ಶ್!" ಎಂದರು. ಕ್ಯಾಪ್ಟನ್ ಮಗು ಅಲುಗದಂತೆ ಜೇಬಿನಿಂದ ಯಂತ್ರ ತೆಗೆದು ಅವರ ಕೈಗಿಟ್ಟ. ತಾತ ಅದನ್ನು ಕಿವಿಗೆ ಸಿಕ್ಕಿಸಿಕೊಂಡು, "ಥ್ಯಾಂಕ್ಸ್," ಎಂದರು. ಆಮೇಲೆ ಜ್ಞಾಪಿಸಿಕೊಂಡು, "...ದ್ರೋಹಿ," ಎಂದು ಮೆಲ್ಲಗೆ ಸೇರಿಸಿದರು.

ಪಿಸುಮಾತಿನಲ್ಲಿ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು? ಹತ್ತು ನಿಮಿಷಕ್ಕೆ ಎಲ್ಲರೂ ನೆಲದ ಮೇಲೆ ಕೂತರು. ಕ್ಯಾಪ್ಟನ್ ಮಗುವಿನ ಬೆನ್ನು ತಟ್ಟುತ್ತಾ ಹೇಳಿದ, "ಮೂವತ್ತೇಳಾಯ್ತು. ಮಂಡಿ ಹೋಗಿದೆ. ಮೊನ್ನೆ ಹನ್ನೆರಡು ಗಂಟೆವರೆಗೂ ಫೋನ್ ತೊಡೆ ಮೇಲಿಟ್ಕೊಂಡು ಕಾದೆ. ಲೂನ್ಸ್‌ನವರು ಒಂದ್ಸಲ ಇರು ಅಂದಿದ್ರೂ ಇರ್ತಿದ್ದೆ. ಯಾರೂ ಅನ್ಲಿಲ್ಲ."

ರೈನೋ ಮೂಗು ಒರೆಸಿಕೊಂಡು ಎದ್ದು ಹೋಗಿ ಅವನಿಗೆ ಕಾಫಿ ತಂದ. (ನನ್ನ ಲೋಟದಲ್ಲಿ. ಬಿಸಿ ಬಿಸಿಯಾಗಿ.) ಒಬ್ಬ ಗುಲಾಬಿ ಸಕ್ಕರೆ ಬಳಿದ ಬನ್ನು ತಂದ. ಎರಡೂವರೆಗೆ ಕ್ಯಾಪ್ಟನ್‌ನ ಹೆಂಡತಿ ಕಾರು ತಂದು ನಿಲ್ಲಿಸಿದಳು. ವಿಮಾನಕ್ಕೆ ಹೊತ್ತಾಗಿತ್ತು. ಕ್ಯಾಪ್ಟನ್ ಐಲಿಯ ಬೆರಳುಗಳನ್ನು ಒಂದೊಂದಾಗಿ, ಮುರಿದೀತೇನೋ ಎಂಬಂತೆ ಬಿಡಿಸಿ, ಮಗುವನ್ನು ನನ್ನ ಕೈಗಿತ್ತ. ಅಭಿಮಾನಿಗಳು ಸರದಿಯಲ್ಲಿ ಅವನ ಬೆನ್ನು ತಟ್ಟಿ, ಗಂಡಸರ ಗತ್ತಿನಿಂದ, ಸಮಾಧಾನವಾಗಿ ಬೀಳ್ಕೊಟ್ಟರು.

ಕಾರಿನ ಬಾಗಿಲು ಧಡ್ ಎಂದಿತು. ಐಲಿ ಎದ್ದಳು. ನನ್ನ ಮುಖ ನೋಡಿದಳು, ರೈನೋನ ಗದ್ದ ನೋಡಿದಳು. ಊರಿಗಿದ್ದ ಕಟ್ಟಕಡೆಯ ಗಡ್ಡ ಹೊರಟಿರುವುದನ್ನೂ ನೋಡಿ ಬಾಯಿ ತೆರೆದಳು.

ಆಮೇಲೆ ನಾನೇನು ಮಾಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಕಂಡವರು ಹೇಳುವುದಿಷ್ಟು: ಕಂಕುಳಲ್ಲಿ ಮಗು, ಒಂದೇ ಕಾಲಲ್ಲಿ ಚಪ್ಪಲಿ, ಕಾರಿನ ಹಿಂದೆ ಓಡುತ್ತಾ ನಾನು, "ಹೋಗ್ಬೇಡಿ ಕ್ಯಾಪ್ಟನ್! ನಿಮ್ಮನ್ನ ಬಿಟ್ರೆ ನಮಗೆ ಯಾರಿದ್ದಾರೆ? ಇನ್ನೊಂದೇ ಒಂದು ಸೀಸನ್ನು!" ಎಂದು ಗೋಳಾಡಿದೆನಂತೆ. ಬೀದಿಯ ತಿರುವಿನಲ್ಲಿ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಕಾದಿದ್ದನಂತೆ.

ಭಾನುವಾರ ಪೇಪರಿನಲ್ಲಿ ಬಂದ ಫೋಟೋ ಊರೆಲ್ಲ ಹರಿದಾಡಿತು. ಕೆಳಗೆ 'ಕಟ್ಟಾ ಅಭಿಮಾನಿಯ ಕಣ್ಣೀರು' ಎಂಬ ಒಕ್ಕಣೆ. ಆಫ್‌ಸೈಡ್ ಎಂದರೆ ಯಾವ ಸೈಡು ಎಂದೂ ಗೊತ್ತಿಲ್ಲದ ನಾನು! ರೈನೋ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ, ಹಿಂದೆ ಸರಿದು ನಿಂತು ಹೆಮ್ಮೆಯಿಂದ ನೋಡಿದ.

ಸಂಜೆ ದಂತವೈದ್ಯರ ಫೋನು ಬಂತು. ಯಜಮಾನರ ದನಿ ಒದ್ದೆಯಾಗಿತ್ತು.

"ತಾರ್ಯಾ, ಪೇಪರ್ ನೋಡಿದೆನಮ್ಮಾ. ನನಗೂ ಅಂದಿನಿಂದ ಊಟ ಸೇರ್ತಿಲ್ಲ. ನಾಳೆ ಬರ್ಲೇಬೇಡ. ಇಂಥ ದುಃಖದಲ್ಲಿ ಕೆಲ್ಸ ಮಾಡು ಅನ್ನೋಕೆ ನಾನೇನು ಮನುಷ್ಯ ಅಲ್ವಾ? ಇನ್ನೂ ಒಂದು ತಿಂಗಳು ಮನೇಲೇ, ಮಗು ಜೊತೆ ನೆಮ್ಮದಿಯಾಗಿರು."

ಐಲಿ ಎರಡೂ ಮುಷ್ಟಿಯಲ್ಲಿ ನನ್ನ ಕೂದಲು ಹಿಡಿದು ಜೋತಾಡುತ್ತಿದ್ದಳು. ಕತ್ತನ್ನು ಆಚೀಚೆ ಆಡಿಸಲು ಆಗುವಂತಿರಲಿಲ್ಲ. ನನ್ನ ಕಣ್ಣಿಂದ ನಿಜವಾಗಿಯೂ ನೀರು ಬಂತು.

"ಅಳ್ಬೇಡಮ್ಮಾ, ಅಳ್ಬೇಡ," ಎಂದರು ಯಜಮಾನರು. "ಬೇಕಾದ್ರೆ ಎರಡು ತಿಂಗಳು ತಗೋ."